ರಜೆಯಜ್ಜಿಯ ಲೋಟ

ಡಿಸೆಂಬರ್ 2, ಮಂಗಳವಾರ

'ಮಕ್ಕಳು ನಂಬಿದ್ದಾರೆಂದೇ ಚಂದ್ರ ಬಾಡಿಗೆ ಕೊಡದೆ ಮೇಲಿದ್ದಾನೆ.' ಹೀಗೇನೋ ಒಂದು ಸಾಲು. ಎಂ.ಎ. ಓದುವಾಗ ಯಾರೋ ಗಟ್ಟಿಯಾಗಿ ಓದಿದ್ದರು. ಬಾಡಿಗೆಯ ಮಾತು ಮೂಲದಲ್ಲೇ ಇತ್ತೋ, ಬಾಡಿಗೆ ಮನೆಗಳಲ್ಲೇ ವಯಸ್ಸು ಕಳೆದ ನಾನು ಸೇರಿಸಿಕೊಂಡೆನೋ ತಿಳಿಯದು. ಆಗ ಎಷ್ಟು ಚೆಂದ ಅನ್ನಿಸಿತ್ತು! ಇವತ್ತು ಪಾತ್ರೆ ತೊಳೆಯುತ್ತಾ ನೆನಪಾಗಿ ಮೈ ಉರಿಯಿತು. ಬರೆದವನಿಗೆ ಮಕ್ಕಳಿರಲಿಕ್ಕಿಲ್ಲ. ಇದ್ದಿದ್ದರೆ, ಅವು ಒಂದು ದಿನ ತಟ್ಟೆಯ ಮುಂದೆ ಕೂತು 'ನಂಬೋದು ಬಿಟ್ಟೆ' ಅಂದಾಗ ಚಂದ್ರನನ್ನು ಇಳಿಸಿ ಎಲ್ಲಿಡಬೇಕು ಅನ್ನುವುದನ್ನೂ ಬರೆಯುತ್ತಿದ್ದ.

ಊಟದ ನಡುವೆ ಚೂಟಿ ಹೇಳಿದಳು: "ಅಮ್ಮಾ, ಈ ಸಲ ಲೋಟ ಇಡೋದು ಬೇಡ."

"ಯಾವ ಲೋಟ?" ಅಂದೆ, ಗೊತ್ತಿದ್ದೂ.

"ರಜೆಯಜ್ಜಿ ಲೋಟ."

"ಯಾಕೆ ಬೇಡ?"

"ಸುಮ್ನೆ."

ತಟ್ಟೆ ಎತ್ತಿಕೊಂಡು ಎದ್ದೇ ಹೋದಳು. ಎಂದೂ ತಾನಾಗಿ ತಟ್ಟೆ ಎತ್ತದವಳು.

ಒಂಬತ್ತು ವರ್ಷದ ಹುಡುಗಿ 'ಸುಮ್ನೆ' ಅಂದರೆ ಆ ಮಾತಿನ ಹಿಂದೆ ಯಾರೋ ದೊಡ್ಡವರು ನಿಂತಿರುತ್ತಾರೆ. ಯಾರೆಂದು ಪತ್ತೆ ಹಚ್ಚದೆ ಬಿಡುವವಳಲ್ಲ ನಾನು.

ಡಿಸೆಂಬರ್ 3, ಬುಧವಾರ

ನಿದ್ದೆ ಮಾಡಿ ಎದ್ದರೂ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಸಬೇಕು. ಇದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ಮೊದಲಿನಿಂದ ಬರೆಯಲು ನಾಚಿಕೆಯೂ ಇಲ್ಲ.

ರಜೆಯಜ್ಜಿ ನಮ್ಮ ಮನೆಗಷ್ಟೇ ಬರುವವಳು. ಚೂಟಿಯ ಅಪ್ಪ ಹುಟ್ಟಿಸಿದ್ದು. ಮನೆಗಳ ನಕ್ಷೆ ಬರೆಯುವುದು ಅವರ ಕೆಲಸ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ನಾನು ಅವರನ್ನು ನೋಡಿದ್ದು ಕಡಿಮೆ. ಚೂಟಿಗೆ ಪೆನ್ಸಿಲ್ ಹಿಂಬದಿ ಕಡಿಯುವ ಚಟ. ಕಡಿದೂ ಕಡಿದೂ ಮೋಟಾದದ್ದನ್ನು ಎಸೆಯಲು ಬಿಡದೆ ಅವರೊಂದು ಕಥೆ ಕಟ್ಟಿದರು. ವರ್ಷದ ಕೊನೆಗೆ ಶಾಲೆಗೆ ರಜೆ ಬಿಟ್ಟ ಸಂಜೆ ಮೋಟು ಪೆನ್ಸಿಲ್ಲುಗಳನ್ನೆಲ್ಲ ಸ್ಟೀಲ್ ಲೋಟಕ್ಕೆ ಹಾಕಿ ಅಡುಗೆಮನೆ ಕಿಟಕಿಯಲ್ಲಿ ಇಡಬೇಕು. ಬೆಳಗಾಗುವುದರೊಳಗೆ ರಜೆಯಜ್ಜಿ ಬಂದು ಅವನ್ನು ಒಯ್ದು, ಹೊಸ ಪೆನ್ಸಿಲ್ಲುಗಳನ್ನು ಇಟ್ಟು ಹೋಗುತ್ತಾಳೆ. ಮೋಟುಗಳಿಂದ ತನ್ನ ಮನೆಗೆ ಬೇಲಿ ಕಟ್ಟಿಕೊಳ್ಳುತ್ತಾಳೆ.

"ಬೇಲಿ ಯಾಕಪ್ಪಾ?" ಅಂತ ಇವಳು ಕೇಳಿದ್ದಳು.

"ಸೋಮವಾರ ಒಳಗೆ ನುಗ್ಗಬಾರದಲ್ಲ, ಅದಕ್ಕೆ," ಅಂದಿದ್ದರು.

ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಅವರು ತೀರಿಕೊಂಡರು. ಕಚೇರಿಯಲ್ಲಿ, ಬರೆಯುತ್ತಿದ್ದ ನಕ್ಷೆಯ ಮೇಲೆ ತಲೆಯಿಟ್ಟು. ಅದನ್ನು ಚೂಟಿಗೆ ನಾನೇ ಹೇಳಿದೆ. ಬಣ್ಣ ಹಚ್ಚಲಿಲ್ಲ, ಆಕಾಶ ನಕ್ಷತ್ರ ಅನ್ನಲಿಲ್ಲ. ಸತ್ತರು ಅಂದೆ. ಹೇಳಿ ಮುಗಿಸಿದ ಮೇಲೆ, ಇನ್ನು ಈ ಬಾಯಲ್ಲಿ ಆ ಮಾತು ಬಾರದಿರಲಿ ಅಂದುಕೊಂಡೆ.

ತಿಂಗಳು ತುಂಬಿರಲಿಲ್ಲ, ಸುಣ್ಣ ಸತ್ತಿತು. ಸುಣ್ಣ ನಮ್ಮ ಬೆಕ್ಕು. ಸುಣ್ಣ ಹೊಡೆದ ಗೋಡೆಯ ಹಾಗೆ ಬಿಳಿ. ಅವರ ಬೂದು ಸ್ವೆಟರಿನ ಮೇಲಲ್ಲದೆ ಬೇರೆಲ್ಲೂ ಮಲಗದ ಗರ್ವಿಷ್ಠೆ. ಬೆಳಿಗ್ಗೆ ಕೆಳಗೆ ಸ್ಕೂಟರುಗಳ ಹಿಂದೆ ಬಿದ್ದಿತ್ತು. ಚೂಟಿ ಆಗಲೇ ಶಾಲೆಗೆ ಹೋಗಿದ್ದಳು. ಎದುರು ಮನೆಯ ನರ್ಸಮ್ಮ, ಅಂದರೆ ಆಸ್ಪತ್ರೆಯಿಂದ ನಿವೃತ್ತರಾಗಿ ಈಗ ಮೆಟ್ಟಿಲ ತುಂಬ ಕುಂಡಗಳನ್ನು ಇಟ್ಟುಕೊಂಡಿರುವವರು, ತಮ್ಮ ಪುಟ್ಟ ಸಲಿಕೆ ತಂದು ನೀರಿನ ಟ್ಯಾಂಕಿನ ಹಿಂದೆ ಗುಂಡಿ ತೋಡಿಕೊಟ್ಟರು. ಸಂಜೆ ಚೂಟಿ ಬಂದವಳೇ ಬ್ಯಾಗು ಬಿಸಾಡಿ, "ಸುಣ್ಣ ಎಲ್ಲಿ?" ಅಂದಳು.

ಏಳು ವರ್ಷದ ಮಗುವಿಗೆ ಒಂದೇ ತಿಂಗಳಲ್ಲಿ ಎರಡು ಸಲ ಆ ಮಾತು ಹೇಳುವುದು ಹೇಗೆ? "ರಜೆಯಜ್ಜಿ ಜೊತೆ ಹೋಯ್ತು. ಬೇಲಿಯೊಳಗೆ ಚೆನ್ನಾಗಿರತ್ತೆ," ಅಂದುಬಿಟ್ಟೆ.

ಆ ಡಿಸೆಂಬರಿನಲ್ಲೂ ಹೋದ ಡಿಸೆಂಬರಿನಲ್ಲೂ ಲೋಟದಲ್ಲಿ ಹೊಸ ಪೆನ್ಸಿಲ್ಲುಗಳ ಜೊತೆ ಬಿಳಿ ಕೂದಲಿನ ಒಂದು ಉಂಡೆ ಇತ್ತು. ಸುಣ್ಣ ಕ್ಷೇಮ ಅನ್ನುವುದಕ್ಕೆ ಗುರುತು. ಎರಡನ್ನೂ ಚೂಟಿ ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಕೂದಲನ್ನು ಸ್ವೆಟರಿನಿಂದ ಆರಿಸುತ್ತೇನೆ. ಅದಕ್ಕೇ ಆ ಸ್ವೆಟರನ್ನು ಒಗೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿರುವುದು. ಕೂದಲಿಗೋಸ್ಕರ, ಅಷ್ಟೇ.

ಈಗ ಯಾರೋ ಒಬ್ಬ ಸತ್ಯಸಂಧರು ಬಂದು ರಜೆಯಜ್ಜಿ ಸುಳ್ಳು ಅಂದಿದ್ದಾರೆ. ಸರಿ, ರಜೆಯಜ್ಜಿ ಸುಳ್ಳಾದರೆ ಸುಣ್ಣ ಎಲ್ಲಿ? ಇವತ್ತಲ್ಲ ನಾಳೆ ನನ್ನ ಮಗಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಆಗ ಉತ್ತರ ಕೊಡಲು ಆ ಪುಣ್ಯಾತ್ಮರು ಬರುತ್ತಾರೆಯೆ?

ಡಿಸೆಂಬರ್ 5, ಶುಕ್ರವಾರ

ಸಿಕ್ಕಿತು.

ಜಡೆ ಹಾಕುವಾಗ ಉಪಾಯವಾಗಿ ಕೇಳಿದೆ. ತಲೆ ನನ್ನ ಕೈಯಲ್ಲಿದ್ದಾಗ ಅವಳು ಓಡಿಹೋಗಲಾರಳು.

"ಈ ನಡುವೆ ಸ್ಕೂಲಲ್ಲಿ ಏನೇನು ಮಾಡಿಸಿದ್ರು?"

"ಮಿಸ್ ಬೋರ್ಡಿನ ಮಧ್ಯ ಗೆರೆ ಎಳೆದ್ರು. ಈ ಕಡೆ 'ನಿಜ', ಆ ಕಡೆ 'ಕಟ್ಟುಕಥೆ'. ಒಬ್ಬೊಬ್ಬರೇ ಹೋಗಿ ಒಂದೊಂದು ಬರೀಬೇಕು."

"ಏನೇನು ಬರೆದ್ರಿ?"

"ಆನೆ ನಿಜ. ಹಾರೋ ಆನೆ ಕಟ್ಟುಕಥೆ. ಹಾಗೇ. ಜಡೆ ಎಳೀಬೇಡಮ್ಮಾ, ನೋಯತ್ತೆ."

ಎಳೆದಿದ್ದೆ, ನಿಜ. ರಜೆಯಜ್ಜಿ ಯಾವ ಕಡೆ ಹೋದಳು ಅಂತ ಕೇಳುವ ಧೈರ್ಯ ಬರಲಿಲ್ಲ. ಕೇಳಬೇಕಾಗಿಯೂ ಇಲ್ಲ. ಸೀಮೆಸುಣ್ಣದ ಒಂದು ಗೆರೆ ಎಳೆದು ಪ್ರಪಂಚವನ್ನೇ ಎರಡು ಹೋಳು ಮಾಡಿಬಿಡುವ ಈ ಬುದ್ಧಿವಂತಿಕೆಗೆ ಏನು ಹೇಳಲಿ? ಕವಿತೆ ಯಾವ ಕಡೆ ಬರುತ್ತದೆ ಮಿಸ್? ಕನಸು? ತೀರಿಕೊಂಡವರು?

ಸೋಮವಾರ ಶಾಲೆಗೆ ಹೋಗುತ್ತೇನೆ.

ಡಿಸೆಂಬರ್ 8, ಸೋಮವಾರ

ಹೋದೆ. ಓದಿದವಳು, ದನಿ ಎತ್ತರಿಸಬಾರದು ಅಂದುಕೊಂಡೇ ಹೋದೆ. ಎತ್ತರಿಸಿದೆ.

ಮಿಸ್ ಇನ್ನೂ ಚಿಕ್ಕ ಹುಡುಗಿ. ಮೊಣಕೈಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡಿತ್ತು.

"ನಮ್ಮ ಮನೆ ವಿಷಯ ಬೋರ್ಡಿನ ಮೇಲೆ ತರೋಕೆ ನಿಮಗೆ ಯಾರು ಹೇಳಿದ್ದು?"

"ಕೂತ್ಕೊಳ್ಳಿ ಮೇಡಂ."

"ಕೂರೋಕೆ ಬಂದಿಲ್ಲ ನಾನು." ಆದರೂ ಕೂತೆ. ಮಕ್ಕಳ ಬೆಂಚು; ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಕುಳ್ಳು. ಹಾಗೆ ಮುದುರಿ ಕೂತು ಸಿಟ್ಟು ಮಾಡುವುದು ಕಷ್ಟ. ಅದಕ್ಕೇ ಅಲ್ಲಿಟ್ಟಿರುತ್ತಾರೆ.

"ಮೇಡಂ, ನಾನು ಏನೂ ಹೇಳಿಲ್ಲ. ನಿಮ್ಮ ಮನೇಲಿ ರಜೆಯಜ್ಜಿ ಅಂತ ಒಬ್ಬರಿದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅವಳ ಸರದಿ ಬಂದಾಗ ಅವಳೇ ಹೋಗಿ 'ಕಟ್ಟುಕಥೆ' ಕಡೆ ಬರೆದಳು. ಯಾರದು ಅಂತ ಕೇಳಿದೆ. ನಮ್ಮಪ್ಪ ಮಾಡಿದ ಅಜ್ಜಿ, ತುಂಬ ಒಳ್ಳೆಯವಳು ಅಂದಳು."

"ಅಳ್ತಾ ಹೇಳಿದ್ಲಾ?"

"ಇಲ್ಲಪ್ಪ. ನಗ್ತಾ ಹೇಳಿದಳು."

ನನಗೆ ಅದೂ ಸಿಟ್ಟೇ ತರಿಸಿತು. ನಗುತ್ತಾ ಅಂತೆ!

"ಆದರೆ ಆಮೇಲೆ ಇನ್ನೊಂದು ಮಾಡಿದಳು," ಅಂದಳು ಮಿಸ್. "ಒಂದು ಬೆಕ್ಕು ಬರೆದಳು. ಸರಿಯಾಗಿ ಗೆರೆ ಮೇಲೆ. ಯಾವ ಕಡೆ ಪುಟ್ಟಾ ಇದು ಅಂದೆ. ಇನ್ನೂ ಗೊತ್ತಾಗಿಲ್ಲ ಮಿಸ್, ಅಂದು ತಾನೇ ಅಳಿಸಿಬಿಟ್ಟಳು."

ಎದ್ದೆ. ಏಳುವಾಗ ಮೊಣಕಾಲು ಬೆಂಚಿಗೆ ಬಡಿಯಿತು. ಇಷ್ಟು ದುಡ್ಡು ಕಟ್ಟಿಸಿಕೊಳ್ಳುವ ಶಾಲೆಯಲ್ಲಿ ಬಂದವರಿಗೊಂದು ನೆಟ್ಟಗಿನ ಕುರ್ಚಿ ಇಲ್ಲ.

ಮಿಸ್ ಹೇಳಿದ್ದನ್ನು ನಂಬಬೇಕು ಅನ್ನಿಸುತ್ತಿದೆ. ಆ ಮುಖಕ್ಕೆ ಸುಳ್ಳು ಹೊಂದುವುದಿಲ್ಲ. ಹಾಗಾದರೆ ಇನ್ನು ಯಾರು?

ಡಿಸೆಂಬರ್ 9, ಮಂಗಳವಾರ

ಗ್ರಂಥಾಲಯದಲ್ಲೂ ನೆಮ್ಮದಿ ಇಲ್ಲ. ಹಳೆಯ ಪುಸ್ತಕಗಳ ದುರಸ್ತಿ ವಿಭಾಗಕ್ಕೆ ಹೊಸಬನೊಬ್ಬ ಸೇರಿದ್ದಾನೆ. ಮುಖ್ಯಸ್ಥರು ಅವನಿಗೆ ಪಾಠ ಹೇಳುತ್ತಿದ್ದರು, ನನ್ನ ಮೇಜಿನ ಪಕ್ಕದಲ್ಲೇ ನಿಂತು. "ಹರಿದಿದ್ದನ್ನ ಹರಿದೇ ಇಲ್ಲ ಅನ್ನೋ ಹಾಗೆ ಮಾಡಬಾರದಪ್ಪ. ಹತ್ತಿರ ಬಂದು ನೋಡಿದವರಿಗೆ ತೇಪೆ ಕಾಣಬೇಕು. ಕಾಣದಿದ್ರೆ ಅದು ದುರಸ್ತಿ ಅಲ್ಲ, ಮೋಸ." ಇಪ್ಪತ್ತು ವರ್ಷದಿಂದ ಇದೇ ಅಂಟು, ಇದೇ ತೆಳು ಕಾಗದ ಹಿಡಿದು ಕೂತವಳು ನಾನು, ನನಗೂ ಸೇರಿಸಿ ಹೇಳಿದ ಹಾಗೆ ಕೇಳಿಸಿ ರೇಗಿಹೋಯಿತು.

ಸಾಲದ್ದಕ್ಕೆ ಡ್ರಾಯರಿನಲ್ಲಿ ನನ್ನ ಮೋಟು ಪೆನ್ಸಿಲ್ಲುಗಳು ಕಡಿಮೆಯಾಗಿವೆ. ನಮ್ಮಲ್ಲಿ ಪೆನ್ನು ತರುವ ಹಾಗಿಲ್ಲ. ಹಳೆಯ ಹಾಳೆಗೆ ಶಾಯಿ ಒಂದು ತೊಟ್ಟು ಬಿದ್ದರೂ ಮುಗಿಯಿತು. ಪುಟದ ಗುರುತನ್ನೆಲ್ಲ ಪೆನ್ಸಿಲ್ಲಿನಲ್ಲೇ ಹಾಕಬೇಕು, ಅದೂ ಮೆತ್ತಗೆ. ಅದಕ್ಕೆ ಮೋಟಿನಷ್ಟು ಹಿತವಾದದ್ದು ಬೇರೆ ಇಲ್ಲ. ಹಾಗಾಗಿ ಲೋಟದ ಮೋಟುಗಳನ್ನು ಪ್ರತಿ ವರ್ಷ ಇಲ್ಲಿಗೆ ತಂದಿಟ್ಟುಕೊಳ್ಳುತ್ತೇನೆ. ತುದಿಯಲ್ಲಿ ಪುಟ್ಟ ಹಲ್ಲಿನ ಗುರುತು ಇರುವ ಪೆನ್ಸಿಲ್ಲನ್ನು ಕಸದ ಬುಟ್ಟಿಗೆ ಹಾಕುವ ಕೈ ಯಾವುದು?

ಹೊಸಬನನ್ನು ಕೇಳಿದೆ. "ನಾನ್ಯಾಕೆ ಮೇಡಂ ಕಚ್ಚಿದ ಪೆನ್ಸಿಲ್ ತಗೊಳ್ಳಲಿ?" ಅಂದ. ಮುಖ ನೋಡಿದರೆ ಕದ್ದವನಂತೆಯೇ ಇದ್ದಾನೆ. ಜೂನಿನಲ್ಲಿ, ಶಾಲೆಯ ಪೈಪು ಒಡೆದು ರಜೆ ಕೊಟ್ಟಿದ್ದ ದಿನ, ಚೂಟಿಯನ್ನು ಇಲ್ಲಿಗೆ ಕರೆತಂದಿದ್ದೆ. ನನ್ನ ಕುರ್ಚಿಯಲ್ಲೇ ಕೂತು ಏನೇನೋ ಬರೆದುಕೊಂಡಿದ್ದಳು. ಆಗ ಡ್ರಾಯರ್ ತುಂಬಿತ್ತು. ಪಾಪ, ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮಾತಿಲ್ಲ. ಹಳೆ ಪುಸ್ತಕದ ಧೂಳಿಗೆ ತಲೆನೋವು ಬಂದಿರಬೇಕು.

ಡಿಸೆಂಬರ್ 11, ಗುರುವಾರ

ನರ್ಸಮ್ಮ! ನನ್ನ ಬುದ್ಧಿಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ? ಸುಣ್ಣ ಎಲ್ಲಿದೆ ಅಂತ ನನ್ನ ಬಿಟ್ಟು ಈ ಭೂಮಿಯ ಮೇಲೆ ಗೊತ್ತಿರುವುದು ಅವರೊಬ್ಬರಿಗೆ. ಶಾಲೆಯಿಂದ ಬಂದು ನಾನು ಬರುವ ತನಕ ಚೂಟಿ ಕೂರುವುದೂ ಅವರ ಮನೆಯಲ್ಲೇ. ಬಾಯಿಗೆ ಬೀಗ ಅನ್ನುವುದು ಆ ಹೆಂಗಸಿಗೆ ಗೊತ್ತಿಲ್ಲ. ಮೂರನೇ ಮಹಡಿಯವರ ಮೂಲವ್ಯಾಧಿ ಇಡೀ ಕಟ್ಟಡಕ್ಕೆ ತಿಳಿದದ್ದು ಹೇಗೆ ಮತ್ತೆ?

ಸಂಜೆ ಮೆಟ್ಟಿಲ ಮೇಲೆ ಕುಂಡಕ್ಕೆ ಮಣ್ಣು ತುಂಬುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಕೇಳಿದೆ.

"ನಮ್ಮ ಚೂಟಿಗೆ ನೀವೇನಾದ್ರೂ ಹೇಳಿದ್ರಾ?"

"ಏನಂತ?"

"ರಜೆಯಜ್ಜಿ ವಿಷಯ. ಸುಣ್ಣನ ವಿಷಯ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನರ್ಸಮ್ಮ ಹೆಗಲ ಮೇಲಿದ್ದ ಮಣ್ಣು ಕೊಡವಿದರು. ನನಗೆ ಅಷ್ಟೇ ಸಾಕಾಯಿತು.

"ನಿಮಗೇನು ಹಕ್ಕಿದೆ? ಜೀವಮಾನವೆಲ್ಲ ಆಸ್ಪತ್ರೇಲಿ ಕಳೆದವರು, ನಿಮಗೆ ಸಾವು ಅಂದ್ರೆ ಹಾಸಿಗೆ ಬಟ್ಟೆ ಬದಲಾಯಿಸಿದ ಹಾಗೆ ಇರಬಹುದು. ನನ್ನ ಮಗಳಿಗೆ ಹಾಗಲ್ಲ. ಒಂದು ಮಗುವಿನ ಕೈಲಿ ಉಳಿದಿರೋ ಒಂದೇ ಒಂದು ಆಸೆನೂ ಕಿತ್ತುಕೊಂಡ್ರಲ್ಲ, ಹೊಟ್ಟೆ ತಣ್ಣಗಾಯ್ತಾ?"

ಆ ಹೆಂಗಸು ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, "ಬೈದು ಮುಗೀತಾ? ಹಾಗಿದ್ರೆ ಸ್ವಲ್ಪ ಆ ಕಡೆ ನಿಂತ್ಕೋ, ಗಿಡ ತುಳೀತಿದೀಯ," ಅಂದರು.

'ಇಲ್ಲ' ಅಂತ ಒಂದು ಮಾತೂ ಅನ್ನಲಿಲ್ಲ! ತಪ್ಪಿಲ್ಲದವರಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಏಳು ತಲೆಮಾರನ್ನು ಎಳೆದು ತರುತ್ತಿದ್ದರು. ನಾಳೆಯಿಂದ ಚೂಟಿ ನಮ್ಮ ಮನೆಯಲ್ಲೇ ಬೀಗ ಹಾಕಿಕೊಂಡು ಕೂರುತ್ತಾಳೆ.

ಡಿಸೆಂಬರ್ 12, ಶುಕ್ರವಾರ

ಕೂರುವುದಿಲ್ಲವಂತೆ. "ನರ್ಸಮ್ಮನ ಹತ್ರಾನೇ ಇರ್ತೀನಿ" ಅಂತ ಹಟ. ನಾಯಿ ಕಚ್ಚಿದರೂ ನಾಯಿಯ ಮೇಲೇ ಪ್ರೀತಿ.

ಡಿಸೆಂಬರ್ 13, ಶನಿವಾರ

ಯಾರು ಏನು ಹೇಳಿದ್ದರೂ ಸರಿ, ಈ ಸಲ ಲೋಟ ಇದ್ದೇ ಇರುತ್ತದೆ. ಅವಳು ಇಡದಿದ್ದರೆ ನಾನೇ ಇಡುತ್ತೇನೆ. ಒಳಗೆ ಪೆನ್ಸಿಲ್ ಇರುತ್ತದೆ, ಕೂದಲೂ ಇರುತ್ತದೆ, ಹಿಂದಿಗಿಂತ ದೊಡ್ಡ ಉಂಡೆ. ಕಣ್ಣಾರೆ ಕಂಡ ಮೇಲೆ ಹೇಗೆ ನಂಬುವುದಿಲ್ಲ ನೋಡೋಣ.

ತೊಂದರೆ ಏನೆಂದರೆ ಸ್ವೆಟರಿನಲ್ಲಿ ಕೂದಲು ಮುಗಿಯುತ್ತಾ ಬಂದಿದೆ. ಹೋದ ಸಲವೇ ತೋಳಿನ ಮಡಿಕೆಯೆಲ್ಲ ಹುಡುಕಬೇಕಾಯಿತು. ಅದಕ್ಕೆ ಇವತ್ತು ಬೀದಿ ಕೊನೆಯ ಅಂಗಡಿಗೆ ಹೋದೆ. ಅಲ್ಲೊಂದು ಬೆಕ್ಕಿದೆ, ಬೆನ್ನು ಕಪ್ಪಾದರೂ ಹೊಟ್ಟೆ ಬಿಳಿ. ಸೋಪಿನ ಪೆಟ್ಟಿಗೆಯ ಮೇಲೆ ಮಲಗಿತ್ತು. ಬೆನ್ನು ಸವರಿದೆ, ಗುರುಗುಟ್ಟಿತು. ಹೊಟ್ಟೆಗೆ ಕೈಹಾಕಿ ಎರಡು ಎಳೆ ಕೀಳುವುದರೊಳಗೆ ಮುಂಗೈ ಸೀಳಿಬಿಟ್ಟಿತು, ರಾಕ್ಷಸಿ.

ಅಂಗಡಿಯವನು ಓಡಿಬಂದ. "ಏನ್ ಮೇಡಂ ಇದು! ಸೋಪ್ ತಗೊಳ್ಳೋಕೆ ಬಂದು ಬೆಕ್ಕಿನ ಕೂದಲು ಕೀಳ್ತಿದೀರಲ್ಲ!"

"ಗಂಟಾಗಿತ್ತು, ಬಿಡಿಸ್ತಿದ್ದೆ," ಅಂದೆ. ಇಷ್ಟು ಓದಿ ಈ ಗತಿ.

ಮನೆಯಲ್ಲಿ ಚೂಟಿ ಗಾಯ ತೊಳೆದು ಔಷಧಿ ಹಚ್ಚಿದಳು. ನರ್ಸಮ್ಮನಿಂದ ಕಲಿತದ್ದಿರಬೇಕು, ಹತ್ತಿಯನ್ನು ಒಳಗಿನಿಂದ ಹೊರಕ್ಕೆ ಒರೆಸುತ್ತಿದ್ದಳು. ಅಂಗಡಿ ಬೆಕ್ಕು ಪರಚಿತು ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಹತ್ತಿ ಎಸೆದು ಬಂದು, "ಸುಣ್ಣ ಯಾರನ್ನೂ ಪರಚ್ತಿರಲಿಲ್ಲ ಅಲ್ವಾ?" ಅಂದಳು.

"ನಿಮ್ಮಪ್ಪನ್ನ ಒಂದು ಸಲ ಪರಚಿತ್ತು," ಅಂದೆ. "ಸ್ನಾನ ಮಾಡಿಸೋಕೆ ಹೋಗಿದ್ರು. ಬಕೆಟ್ ಅವರ ತಲೆ ಮೇಲೆ, ಬೆಕ್ಕು ಬಕೆಟ್ ಮೇಲೆ."

ಇಬ್ಬರೂ ನಕ್ಕೆವು. ಅವಳು ತುಂಬ ಹೊತ್ತು ನಗುತ್ತಿದ್ದಳು. "ಇನ್ನೊಂದು ಹೇಳು" ಅಂದಳು. ಇನ್ನೊಂದು ಹೇಳಿದೆ. ಅಡುಗೆ ತಡವಾಯಿತು.

ಡಿಸೆಂಬರ್ 14, ಭಾನುವಾರ

ಮುಂಗೈ ಬಾತಿದೆ. ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ಇದನ್ನೂ ನರ್ಸಮ್ಮನ ಖಾತೆಗೆ ಬರೆದುಕೊಂಡಿದ್ದೇನೆ.

ಡಿಸೆಂಬರ್ 17, ಬುಧವಾರ

ಆ ಸಾಲು ಮತ್ತೆ ಮತ್ತೆ ತಲೆಗೆ ಬರುತ್ತಿದೆ. 'ಮಕ್ಕಳು ನಂಬಿದ್ದಾರೆಂದೇ' ಅಂತಲೇ ಇತ್ತೇ? 'ದೊಡ್ಡವರು' ಅಂತಲೂ ಇದ್ದಿರಬಹುದು. ನನ್ನ ನೆನಪನ್ನು ನಂಬುವ ಹಾಗಿಲ್ಲ.

ಇವತ್ತು ಹುಳ ತಿಂದ ಒಂದು ಪುಟಕ್ಕೆ ತೇಪೆ ಹಾಕಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಅಂಚು ಹುಡುಕಲಾಗಲಿಲ್ಲ. ಮುಖ್ಯಸ್ಥರು ದೀಪದ ಕೆಳಗೆ ಹಿಡಿದು ನೋಡಿ, "ಬಿಚ್ಚಿ ಮತ್ತೆ ಹಾಕಿ," ಅಂದರು. ಬಿಚ್ಚಿದೆ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.

ಡಿಸೆಂಬರ್ 19, ಶುಕ್ರವಾರ

ಇವತ್ತು ಶಾಲೆಗೆ ರಜೆ ಬಿಟ್ಟಿತು. ಇವತ್ತಿನದು ಬರೆಯದೆ ಮಲಗಲಾರೆ.

ಸಂಜೆ ಚೂಟಿ ಸ್ನಾನಕ್ಕೆ ಹೋದಳು. ಅದೇ ಹೊತ್ತಲ್ಲವೇ ಪ್ರತಿ ವರ್ಷ? ಸ್ಟೂಲು ಹಾಕಿ ಬೀರುವಿನ ಮೇಲಿನಿಂದ ಕವರ್ ಇಳಿಸಿದೆ. ಸ್ವೆಟರನ್ನು ಮಡಿಲಿನಲ್ಲಿ ಹರಡಿಕೊಂಡು ಕನ್ನಡಕ ಹಾಕಿ ಹುಡುಕುತ್ತಿದ್ದೆ. ಒಂದು ಎಳೆ, ಎರಡು ಎಳೆ. ಕಂಕುಳ ಹತ್ತಿರ ಇನ್ನೊಂದು. ನೀರಿನ ಸದ್ದು ನಿಂತದ್ದು ಕೇಳಿಸಲಿಲ್ಲ.

"ಅಮ್ಮಾ." ಟವಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಕೂದಲು ಬೇಡಮ್ಮಾ."

ಸಿಕ್ಕಿಬಿದ್ದೆ ಅನ್ನುವುದಕ್ಕಿಂತ ಮೊದಲು ಬಂದದ್ದು ಸಿಟ್ಟು. "ಯಾರು ಹೇಳಿಕೊಟ್ಟಿದ್ದು ನಿಂಗೆ? ಆ ನರ್ಸಮ್ಮ ತಾನೆ? ಇವತ್ತು ಹೇಳಿಬಿಡು."

"ರಜೆಯಜ್ಜಿ ನೀನೇ ಅಂತ ಯಾರೂ ಹೇಳಿಲ್ಲ. ನಿನ್ನ ಡ್ರಾಯರಲ್ಲಿ ನನ್ನ ಪೆನ್ಸಿಲ್ ಇದ್ವು. ನಾನು ಕಚ್ಚಿದ್ದು ನಂಗೆ ಗೊತ್ತಾಗಲ್ವಾ?"

ಸೀದಾ ನಿಂತು ಹೇಳಿದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹುಡುಗಿಯರಿಗೆ ತಲೆ ಒರೆಸಿಕೊಳ್ಳುವುದು ಯಾವ ವಯಸ್ಸಿಗೆ ಬರುತ್ತದೋ.

ಇಷ್ಟು ದಿನ ಊರೆಲ್ಲ ಹುಡುಕಿದ ಕಳ್ಳಿ ನಾನೇ ಅಂತ ತಿಳಿದರೆ ಹೇಗಿರುತ್ತದೆ, ನನಗೆ ಹಾಗಿತ್ತು. ಆದರೂ ಪಟ್ಟು ಬಿಡಲಿಲ್ಲ: "ಹಾಗಾದ್ರೆ ಜೂನಲ್ಲೇ ಹೇಳಬಹುದಿತ್ತಲ್ಲ? ಈಗ್ಯಾಕೆ ಲೋಟ ಬೇಡ ಅಂದೆ?"

ಅವಳು ಸ್ವೆಟರನ್ನೇ ನೋಡುತ್ತಿದ್ದಳು. "ಹೋದ ಸಲ ನೀನು ಇದನ್ನ ಹೀಗೇ ಇಟ್ಕೊಂಡು ಕೂತಿದ್ದೆ. ನಾನು ಬಾಗಿಲ ಸಂದಿಯಿಂದ ನೋಡಿದೆ. ನೀನು ತುಂಬ ಹೊತ್ತು ಕೂತಿದ್ದೆ. ಆಗ ಯಾಕೆ ಅಂತ ಗೊತ್ತಾಗಲಿಲ್ಲ. ಈ ಸಲಾನೂ ಹಾಗೆ ಕೂರಬಾರದು ಅಂತ ಬೇಡ ಅಂದೆ."

ಅವಳು ನನ್ನನ್ನು ಕೇಳಲಿಲ್ಲ. ಕೇಳೇ ಕೇಳುತ್ತಾಳೆ ಅಂತ ಇಷ್ಟು ದಿನ ಹೆದರಿದ, 'ಸುಣ್ಣ ಎಲ್ಲಿ' ಅನ್ನುವ ಆ ಪ್ರಶ್ನೆಯನ್ನು ಕೇಳದೆ ನಿಂತಿದ್ದಳು. ಕೇಳಿದ್ದರೆ ಬಹುಶಃ ಇನ್ನೊಂದು ಸುಳ್ಳು ಹುಡುಕುತ್ತಿದ್ದೆ.

"ಸುಣ್ಣ ಸತ್ತುಹೋಯ್ತು, ಚೂಟಿ," ಅಂದೆ. "ಅಪ್ಪ ಹೋದ ತಿಂಗಳೇ. ರಜೆಯಜ್ಜಿ ಜೊತೆ ಹೋಗಲಿಲ್ಲ. ಸತ್ತುಹೋಯ್ತು. ನಾನೇ ಎತ್ತಿಕೊಂಡು ಹೋದೆ."

ಆಗ ಅತ್ತಳು. ಗಟ್ಟಿಯಾಗಿ, ಎರಡು ವರ್ಷದ್ದನ್ನೆಲ್ಲ ಒಟ್ಟಿಗೆ. ಒದ್ದೆ ತಲೆಯನ್ನು ತಂದು ಸ್ವೆಟರಿನ ಮೇಲೆಯೇ ಇಟ್ಟಳು. ಒದ್ದೆಯಾಗುತ್ತದೆ, ವಾಸನೆ ಹೋಗುತ್ತದೆ ಅಂತ ಒಂದು ಕ್ಷಣ ಜೀವ ಹೊಡೆದುಕೊಂಡಿತು. ಆಮೇಲೆ ಅದರ ತೋಳಿನಿಂದಲೇ ಅವಳ ತಲೆ ಒರೆಸಿದೆ. ನನ್ನ ಮುಖವನ್ನೂ.

"ಎಲ್ಲಿಟ್ಟಿದೀಯ?" ಅಂದಳು.

"ಟ್ಯಾಂಕಿನ ಹಿಂದೆ. ಬೆಳಿಗ್ಗೆ ತೋರಿಸ್ತೀನಿ."

"ಹೂಂ, ತೋರಿಸು," ಅಂದಳು.

ಡಿಸೆಂಬರ್ 20, ಶನಿವಾರ

ಬೆಳಿಗ್ಗೆ ಚಳಿ. ಚೂಟಿ ಅಪ್ಪನ ಸ್ವೆಟರ್ ಹಾಕಿಕೊಂಡೇ ಹೊರಟಳು. ಮೊಣಕಾಲಿನವರೆಗೆ ಬರುತ್ತದೆ, ತೋಳುಗಳನ್ನು ಮಡಚಿ ಮಡಚಿ ಏರಿಸಿಕೊಂಡಿದ್ದಳು. "ಒಗೆದು ಕೊಡ್ತೀನಿ ಇರು" ಅಂದೆ. "ಬೇಡ, ಹೀಗೇ" ಅಂದಳು. ಬಿಟ್ಟೆ.

ಡಬ್ಬಿಯಲ್ಲಿದ್ದ ಎರಡು ಉಂಡೆ ಕೂದಲನ್ನೂ ಅಲ್ಲೇ ಹೂಳಬೇಕಂತೆ. ನರ್ಸಮ್ಮನ ಪುಟ್ಟ ಸಲಿಕೆಯನ್ನು ಮೆಟ್ಟಿಲ ಮೇಲಿನ ಕುಂಡದಿಂದ ತಾನೇ ಕಿತ್ತುಕೊಂಡು ಬಂದಳು, ಕೇಳದೆ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

ಎರಡು ವರ್ಷದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಟ್ಯಾಂಕಿನ ಹಿಂದೆ ಕಳೆ ಎದೆಮಟ್ಟ ಬೆಳೆದಿರುತ್ತದೆ, ಜಾಗ ಹುಡುಕಬೇಕು ಅಂದುಕೊಂಡಿದ್ದೆ. ಹುಡುಕಬೇಕಾಗಲಿಲ್ಲ. ಕಳೆ ಕಿತ್ತು ಚೊಕ್ಕಟವಾಗಿತ್ತು. ನಡುವೆ ಮೊರದಷ್ಟು ಅಗಲದ ಜಾಗಕ್ಕೆ ಸುತ್ತ ಬೇಲಿ. ಮೋಟು ಪೆನ್ಸಿಲ್ಲುಗಳ ಬೇಲಿ. ಒಂದರ ಪಕ್ಕ ಒಂದು, ಚೂಪು ಕೆಳಗೆ, ಕಚ್ಚಿದ ತುದಿ ಮೇಲೆ.

ಬಗ್ಗಿ ಒಂದನ್ನು ಮುಟ್ಟಿದೆ. ಬಣ್ಣ ಸಿಪ್ಪೆ ಎದ್ದಿತ್ತು, ಮರ ಮಳೆ ಕುಡಿದು ಒಣಗಿ ಬಿರುಕು ಬಿಟ್ಟಿತ್ತು. ಹಾನಿಗೆ ವಯಸ್ಸು ಹೇಳುವುದು ನನ್ನ ಕಸುಬು. ಇದು ನಿನ್ನೆ ಮೊನ್ನೆಯದಲ್ಲ. ಒಂದು ಮಳೆಗಾಲ ಪೂರ್ತಿ ಕಂಡ ಬೇಲಿ. ಪಾಪ ಆ ಹೊಸಬನನ್ನು ಕಳ್ಳನೆಂದು ಇಷ್ಟು ದಿನ ದುರುಗುಟ್ಟಿ ನೋಡಿದ್ದೇನೆ.

ಚೂಟಿಯ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ವಾಲಿದ್ದ ಒಂದು ಮೋಟನ್ನು ನೆಟ್ಟಗೆ ಮಾಡಿ, ಒಳಗೆ ಗುಂಡಿ ತೋಡಿ, ಕೂದಲಿಟ್ಟು ಮುಚ್ಚಿದಳು. "ಸೋಮವಾರ ಇನ್ನೂ ಒಳಗೆ ಬಂದಿಲ್ಲ," ಅಂದಳು.

ಮೇಲೆ ಬಂದು ಬಿಸಿನೀರು ಕಾಯಿಸಿದೆ. ಕೈಕಾಲು ತೊಳೆದುಕೊಂಡಳು. ಯಾರು, ಯಾವಾಗ, ಹೇಗೆ ಅಂತ ನಾನು ಕೇಳಲಿಲ್ಲ. ಸ್ವೆಟರ್ ಹಾಕಿಕೊಂಡೇ ಸೋಫಾದ ಮೇಲೆ ಮುದುರಿ ನಿದ್ದೆಹೋದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಡಿಯುವುದೆಂದರೆ ಹಾಗೆಯೇ, ಇಡೀ ಮಹಡಿ ಏಳಬೇಕು. ಕರೆಗಂಟೆ ಇರುವುದು ಯಾಕೆ? ಮಗು ಎದ್ದೀತು ಅಂತ ರೇಗಿಕೊಂಡೇ ತೆರೆದೆ. ನರ್ಸಮ್ಮ. ಕೈಯೆಲ್ಲ ಮಣ್ಣು. ಸೋಫಾದ ಕಡೆ ಇಣುಕಿದರು, ಸ್ವೆಟರ್ ನೋಡಿದರು, ನನ್ನ ಮುಖ ನೋಡಿದರು.

"ಹೇಳಿದ್ಯಾ?" ಅಂದರು.

ತಲೆಯಾಡಿಸಿದೆ. ಅವತ್ತಿನ ಮಾತಿಗೆ ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಅಬ್ಬ, ಸದ್ಯ. ಜೂನಲ್ಲೇ ಬಂದು ಬೆಕ್ಕು ಎಲ್ಲಿ ಅಂತ ಕೇಳಿದ್ಲು ಕಣಮ್ಮ, ಹೋಗಿ ತೋರಿಸಿದೆ. ನಿಮ್ಮಮ್ಮಂಗೆ ಹೇಳ್ಲಾ ಅಂದ್ರೆ, 'ಬೇಡ ನರ್ಸಮ್ಮ, ಅಮ್ಮ ಅವಳಾಗೇ ಹೇಳೋ ತನಕ ನಂಗೆ ಗೊತ್ತಿಲ್ಲ ಅಂತಾನೇ ಇರಲಿ, ಅಪ್ಪ, ಸುಣ್ಣ ಎರಡೂ ಒಂದೇ ಸಲ ಅಂದ್ರೆ ಅವಳಿಗೆ ತಡೆಯೋಕಾಗಲ್ಲ' ಅಂತ ಕೈಮೇಲೆ ಕೈ ಹಾಕಿಸಿಕೊಂಡ್ಲು. ಅದಕ್ಕೇ ಅವತ್ತು ನಿನ್ನ ಬೈಗುಳವೆಲ್ಲ ನುಂಗಿಕೊಂಡೆ, ಇಲ್ದಿದ್ರೆ ನಾನು ಬಿಡೋಳಾ? ತಾ, ಈಗ ನನ್ನ ಸಲಿಕೆ ಕೊಡು."